ದಿನನಿತ್ಯದ ಪ್ರಸಾಧನ: ತಡವಾಗಿ ಕಲಿಯುವವರಿಗೊಂದು ಪಾಠ

ಸೈಕಲ್ ತುಳಿಯುವುದನ್ನು ಅಣ್ಣ ಕಲಿಸುತ್ತಾನೆ. ಸೀರೆಯ ನೆರಿಗೆ ಹಿಡಿಯುವುದನ್ನು ಅಮ್ಮನೋ ಚಿಕ್ಕಮ್ಮನೋ ಹೇಳಿಕೊಡುತ್ತಾರೆ. ಆದರೆ ಮುಖಕ್ಕೆ ಹಿತಮಿತವಾಗಿ ಪ್ರಸಾಧನ ಮಾಡಿಕೊಳ್ಳುವುದನ್ನು ನಮ್ಮ ಬಹುಪಾಲು ಮನೆಗಳಲ್ಲಿ ಯಾರೂ ಕಲಿಸುವುದಿಲ್ಲ. ಶಾಲೆಯಲ್ಲಿದ್ದಾಗ "ಈಗಲೇ ಯಾಕೆ ಈ ಶೋಕಿ?" ಎನ್ನುತ್ತಾರೆ. ಓದು ಮುಗಿಸಿ ಸಂದರ್ಶನಕ್ಕೆ ಹೊರಟ ದಿನ "ಮುಖ ಸ್ವಲ್ಪ ನೀಟಾಗಿ ಇಟ್ಟುಕೊಳ್ಳಬಾರದೇ?" ಎಂದು ಅವರೇ ಕೇಳುತ್ತಾರೆ. ಈ ಎರಡು ಮಾತುಗಳ ನಡುವೆ ಕಲಿಯುವ ಅವಕಾಶ ಮಾತ್ರ ಸಿಕ್ಕಿರುವುದಿಲ್ಲ.

ನನ್ನ ಕಥೆಯೂ ಹೀಗೆಯೇ. ಇಪ್ಪತ್ತಾರನೆಯ ವಯಸ್ಸಿನವರೆಗೆ ನನಗೆ ಗೊತ್ತಿದ್ದದ್ದು ಪೌಡರ್ ಮತ್ತು ಕಾಡಿಗೆ ಮಾತ್ರ. ಹೊಸ ಕೆಲಸಕ್ಕೆ ಸೇರುವ ಹಿಂದಿನ ದಿನ ಅಂಗಡಿಗೆ ಹೋಗಿ ಒಂದು ಫೌಂಡೇಶನ್ ಕೊಂಡೆ. "ಇದು ಹಚ್ಚಿದ್ರೆ ಬೆಳ್ಳಗೆ ಕಾಣ್ತೀರ ಮೇಡಂ" ಎಂದು ಅಂಗಡಿಯವನು ಕೊಟ್ಟದ್ದು ನನ್ನ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದದ್ದು. ಮಾರನೆಯ ದಿನ ಅದನ್ನು ಮುಖ ತುಂಬ ಬಳಿದುಕೊಂಡು ಕಚೇರಿಗೆ ಹೋದೆ. ಹತ್ತು ಗಂಟೆಗೆ ಒಬ್ಬ ಸಹೋದ್ಯೋಗಿ "ಏನ್ರೀ, ಹುಷಾರಿಲ್ವಾ?" ಎಂದು ಕೇಳಿದರು. ಹನ್ನೊಂದು ಗಂಟೆಗೆ ಕಚೇರಿಯ ಹಿರಿಯ ಆಯಾ ನನ್ನನ್ನು ಪಕ್ಕಕ್ಕೆ ಕರೆದು, "ಮುಖಕ್ಕೆ ಬೂದಿ ಬಡ್ಕೊಂಡ ಹಾಗಿದೆ ಕಣಮ್ಮಾ, ತೊಳ್ಕೊಂಡು ಬಾ" ಎಂದರು. ತೊಳೆದುಕೊಂಡೆ. ಮೂರು ವರ್ಷ ಆ ಡಬ್ಬಿಯನ್ನು ಮತ್ತೆ ಮುಟ್ಟಲಿಲ್ಲ.

ತಪ್ಪು ನನ್ನ ಮುಖದ್ದಲ್ಲ, ನನಗೆ ತಿಳಿವಳಿಕೆ ಇರಲಿಲ್ಲ ಎಂಬುದು ಅರ್ಥವಾಗಲು ಅಷ್ಟು ಕಾಲ ಬೇಕಾಯಿತು. ಪ್ರಸಾಧನ ಹುಟ್ಟಿನಿಂದ ಬರುವ ಚಾತುರ್ಯವಲ್ಲ. ಸ್ವಲ್ಪ ವಿಜ್ಞಾನ, ಸ್ವಲ್ಪ ಕೈ ಅಭ್ಯಾಸ. ಕಾರ್ಯಕ್ರಮದಲ್ಲಿ ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸುವ ವಿಷಯವನ್ನು ಇಲ್ಲಿ ನಿಧಾನವಾಗಿ ನೋಡೋಣ.

ತೆರೆಯ ಮುಖ ಬೇರೆ, ಮನೆಯ ಮುಖ ಬೇರೆ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ದೂರದರ್ಶನದಲ್ಲಿ, ಸಿನಿಮಾದಲ್ಲಿ ಕಾಣುವ ಮುಖವನ್ನು ದಿನನಿತ್ಯಕ್ಕೆ ಮಾದರಿಯಾಗಿ ಇಟ್ಟುಕೊಳ್ಳಬಾರದು. ಸ್ಟುಡಿಯೋದ ಪ್ರಖರ ದೀಪಗಳ ಕೆಳಗೆ ಎಂಥವರ ಹಣೆಯೂ ಮೂಗೂ ಹೊಳೆಯುತ್ತವೆ. ಆದ್ದರಿಂದಲೇ ವಾರ್ತೆ ಓದುವವರಿಗೆ, ಚರ್ಚೆಗೆ ಬರುವ ಅತಿಥಿಗಳಿಗೆ, ಗಂಡಸರು ಹೆಂಗಸರೆನ್ನದೆ, ಪೌಡರ್ ಹಾಕುತ್ತಾರೆ. ಅದು ಕ್ಯಾಮೆರಾಕ್ಕಾಗಿ ಮಾಡಿದ ಏರ್ಪಾಡು.

ಯಕ್ಷಗಾನವನ್ನೇ ನೋಡಿ. ಚೌಕಿಯಲ್ಲಿ ಕುಳಿತು ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವ ಸಂಪ್ರದಾಯವಿದೆ. ಬಣ್ಣದ ವೇಷದ ಮುಖವರ್ಣಿಕೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ರಾಕ್ಷಸ ರಾಕ್ಷಸನಾಗಿಯೇ ಕಾಣಬೇಕು ಎಂಬುದು ಅಲ್ಲಿನ ಉದ್ದೇಶ. ದಿನನಿತ್ಯದ ಪ್ರಸಾಧನದ ಉದ್ದೇಶ ಇದಕ್ಕೆ ತದ್ವಿರುದ್ಧ: ಒಂದು ಮೊಳ ದೂರದಲ್ಲಿ ನಿಂತು ಮಾತನಾಡುವವರಿಗೆ ನೀವು ನೀವಾಗಿಯೇ ಕಾಣಬೇಕು. ನಿದ್ದೆಗೆಟ್ಟ ಕಣ್ಣು, ಒಡೆದ ತುಟಿ, ಒಂದೆರಡು ಮೊಡವೆಯ ಕಲೆ ಅಷ್ಟಾಗಿ ಎದ್ದು ಕಾಣದಿದ್ದರೆ ಸಾಕು.

ಚರ್ಮವನ್ನು ಮೊದಲು ಅರಿಯೋಣ

ಗೋಡೆಯನ್ನು ನೋಡದೆ ಸುಣ್ಣ ಬಳಿಯುವುದಿಲ್ಲ. ನಮ್ಮ ಚರ್ಮದ ಹೊರಪದರ ಸುಮಾರು ನಾಲ್ಕು ವಾರಗಳಿಗೊಮ್ಮೆ ಹೊಸದಾಗುತ್ತದೆ. ತಳದಲ್ಲಿ ಹುಟ್ಟಿದ ಜೀವಕೋಶಗಳು ಮೇಲಕ್ಕೆ ಸರಿದು, ಒಣಗಿ, ಉದುರುತ್ತವೆ. ಈ ಪದರದ ಮೇಲ್ಮೈ ತುಸು ಆಮ್ಲೀಯ. ಅದರ ಪಿಎಚ್ ಐದರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸಾಬೂನಿನ ಪಿಎಚ್ ಒಂಬತ್ತು ಹತ್ತರ ಹತ್ತಿರ, ಅಂದರೆ ಕ್ಷಾರೀಯ. ದಿನಕ್ಕೆ ನಾಲ್ಕಾರು ಬಾರಿ ಸಾಬೂನಿನಿಂದ ತಿಕ್ಕಿ ತೊಳೆದರೆ ಮುಖ ಬಿಗಿದು, ಸಿಪ್ಪೆ ಎದ್ದು ಕಾಣುವುದು ಇದರಿಂದಲೇ. ಮುಖಕ್ಕೆ ಮೃದುವಾದ ಫೇಸ್‌ವಾಷ್, ದಿನಕ್ಕೆ ಎರಡು ಬಾರಿ, ಇಷ್ಟು ಸಾಕು. ಮೊಡವೆಗೆ ಟೂತ್‌ಪೇಸ್ಟ್, ಕಲೆಗೆ ನಿಂಬೆರಸ ಹಚ್ಚುವ ಮನೆಮದ್ದುಗಳಿಂದ ಚರ್ಮ ಉರಿದು ಕಲೆ ಇನ್ನಷ್ಟು ಕಪ್ಪಾಗುವ ಸಂಭವವೇ ಹೆಚ್ಚು.

ನಿಮ್ಮದು ಯಾವ ಬಗೆಯ ಚರ್ಮ? ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಮುಖವೆಲ್ಲ ಎಳೆದಂತಾದರೆ ಒಣ ಚರ್ಮ. ಎಲ್ಲೆಡೆ ಜಿಡ್ಡು ಕಂಡರೆ ಎಣ್ಣೆ ಚರ್ಮ. ಹಣೆ, ಮೂಗು, ಗಲ್ಲ ಜಿಡ್ಡಾಗಿ ಕೆನ್ನೆ ಮಾತ್ರ ಒಣಗಿದ್ದರೆ ಮಿಶ್ರ ಚರ್ಮ. ಒಣ ಚರ್ಮಕ್ಕೆ ಗಟ್ಟಿ ಕ್ರೀಮು, ಎಣ್ಣೆ ಚರ್ಮಕ್ಕೆ ನೀರಿನಂಶ ಹೆಚ್ಚಿರುವ ತೆಳುವಾದ ಲೋಷನ್ ಹೊಂದುತ್ತದೆ. ಒಣ ಚರ್ಮದ ಮೇಲೆ ನೇರವಾಗಿ ಪೌಡರ್ ಹಾಕಿದರೆ ಅದು ಬಿರುಕುಗಳಲ್ಲಿ ಕುಳಿತು ಗೆರೆಗೆರೆಯಾಗಿ ಕಾಣುತ್ತದೆ. ಮೊದಲು ತೇವ, ಆಮೇಲೆ ಬಣ್ಣ ಎಂಬುದು ಮೊದಲ ನಿಯಮ.

ಬಿಸಿಲಿಗೊಂದು ಕೊಡೆ

ಎರಡನೆಯ ನಿಯಮ ಸನ್‌ಸ್ಕ್ರೀನ್. "ನಾವು ಕಪ್ಪಗಿದ್ದೇವೆ, ನಮಗೇಕೆ?" ಎಂದು ಕೇಳುವವರುಂಟು. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಬಿಸಿಲಿನಿಂದ ಒಂದಿಷ್ಟು ರಕ್ಷಣೆ ಕೊಡುವುದು ನಿಜ. ಆದರೆ ಕೆನ್ನೆಯ ಬಂಗು, ಮೊಡವೆ ಬಿಟ್ಟುಹೋದ ಕಪ್ಪು ಕಲೆ ಇವೆಲ್ಲ ಬಿಸಿಲಿಗೆ ಇನ್ನಷ್ಟು ಗಾಢವಾಗುತ್ತವೆ. ಕಲೆಯನ್ನು ದಿನವೂ ಬಣ್ಣದಿಂದ ಮುಚ್ಚುವುದಕ್ಕಿಂತ ಅದು ಕಪ್ಪಾಗದಂತೆ ತಡೆಯುವುದು ಲೇಸಲ್ಲವೇ?

ಡಬ್ಬಿಯ ಮೇಲೆ ಎಸ್‌ಪಿಎಫ್ 15, 30, 50 ಎಂಬ ಅಂಕಿಗಳಿರುತ್ತವೆ. ಚರ್ಮವನ್ನು ಸುಡುವ ಯುವಿ-ಬಿ ಕಿರಣಗಳಲ್ಲಿ ಎಸ್‌ಪಿಎಫ್ 15 ಶೇಕಡಾ 93ರಷ್ಟನ್ನು ತಡೆದರೆ, ಎಸ್‌ಪಿಎಫ್ 30 ಶೇಕಡಾ 97ರಷ್ಟನ್ನು ತಡೆಯುತ್ತದೆ. ಅಂಕಿ ಎರಡರಷ್ಟಾದರೂ ರಕ್ಷಣೆ ಎರಡರಷ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ಈ ಲೆಕ್ಕವೆಲ್ಲ ಸಾಕಷ್ಟು ದಪ್ಪವಾಗಿ ಹಚ್ಚಿದಾಗ ಮಾತ್ರ. ಮುಖ ಮತ್ತು ಕತ್ತಿಗೆ ಎರಡು ಬೆರಳಿನುದ್ದದಷ್ಟು ಬೇಕು. ಹೊರಗೆ ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಮುಖ ತೊಳೆಯುವುದು, ತೇವದ ಕ್ರೀಮು, ಸನ್‌ಸ್ಕ್ರೀನ್ ಈ ಮೂರೇ ಸಾಕು. ಉಳಿದದ್ದಕ್ಕೆ ಅವಸರವಿಲ್ಲ.

ಬಣ್ಣ ಹೊಂದಿಸುವ ಬಗೆ

ನನ್ನ ಮುಖ ಬೂದಿಯಾದದ್ದು ಏಕೆ ಎಂಬ ಪ್ರಶ್ನೆಗೆ ಈಗ ಬರೋಣ. ಫೌಂಡೇಶನ್ನಿನಲ್ಲಿ ಮುಖ್ಯವಾಗಿ ಎರಡು ಬಗೆಯ ಬಣ್ಣದ ಪುಡಿಗಳಿರುತ್ತವೆ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಒಂದು. ಕೆಂಪು, ಹಳದಿ, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡುಗಳು ಇನ್ನೊಂದು. ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಕಬ್ಬಿಣದ ಆಕ್ಸೈಡೇ. ತಿಳಿ ಬಣ್ಣದ ಫೌಂಡೇಶನ್ನಿನಲ್ಲಿ ಬಿಳಿ ಪುಡಿಯ ಪಾಲು ಹೆಚ್ಚು. ಅದನ್ನು ಕಂದು ಚರ್ಮದ ಮೇಲೆ ಹಚ್ಚಿದಾಗ ಕಂದು ಮತ್ತು ಬಿಳಿ ಸೇರಿ ಬೆಳಕಾಗುವುದಿಲ್ಲ, ಬೂದಿಯಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಮೂರು ಸಂಗತಿಗಳನ್ನು ನೆನಪಿಡಿ.

ಮೊದಲನೆಯದು, ಅಂಗೈಯ ಹಿಂಬದಿಯಲ್ಲಿ ಹಚ್ಚಿ ನೋಡಬೇಡಿ. ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ಕೆನ್ನೆಯ ಕೆಳಗೆ, ದವಡೆಯ ಅಂಚಿನಲ್ಲಿ, ಕತ್ತಿನ ಕಡೆಗೆ ಮೂರು ಬಣ್ಣಗಳ ಮೂರು ಗೆರೆ ಎಳೆಯಿರಿ. ಯಾವ ಗೆರೆ ಕಾಣದೆ ಕರಗಿಹೋಗುತ್ತದೋ ಅದೇ ನಿಮ್ಮ ಬಣ್ಣ.

ಎರಡನೆಯದು, ಅಂಗಡಿಯ ದೀಪವನ್ನು ನಂಬಬೇಡಿ. ಬಾಗಿಲ ಬಳಿ ಬಂದು ಹಗಲಿನ ಬೆಳಕಿನಲ್ಲಿ ಕನ್ನಡಿ ನೋಡಿ. ಸೀರೆ ಅಂಗಡಿಯಲ್ಲಿ ಸೆರಗನ್ನು ಹೊರಗೆ ತಂದು ನೋಡುತ್ತೇವಲ್ಲ, ಹಾಗೆ.

ಮೂರನೆಯದು, ಅರ್ಧ ಗಂಟೆ ಕಾಯಿರಿ. ಚರ್ಮದ ಎಣ್ಣೆಯೊಡನೆ ಬೆರೆತ ಮೇಲೆ ಕೆಲವು ಫೌಂಡೇಶನ್ನುಗಳ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ. ಚರ್ಮಕ್ಕೆ ಹಳದಿಯದೋ ಕೆಂಪಿನದೋ ಒಂದು ಒಳಛಾಯೆಯೂ ಇರುತ್ತದೆ. ಹಳದಿ ಛಾಯೆಯ ಮುಖಕ್ಕೆ ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿದರೆ, ಗಾಢತೆ ಸರಿಯಿದ್ದರೂ ಮುಖ ಪರಕೀಯವಾಗಿ ಕಾಣುತ್ತದೆ.

ಇಷ್ಟಾಗಿಯೂ ಅದನ್ನು ಇಡೀ ಮುಖಕ್ಕೆ ಬಳಿಯಬೇಕಾಗಿಲ್ಲ. ಕಡಲೆಕಾಳಿನಷ್ಟು ತೆಗೆದುಕೊಂಡು, ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಕಲೆಗಳ ಮೇಲೆ ಮಾತ್ರ ಇಟ್ಟು, ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ತಟ್ಟಿ. ತಿಕ್ಕಬೇಡಿ, ತಿಕ್ಕಿದರೆ ಒಂದು ಕಡೆ ಹಚ್ಚಿದ್ದು ಇನ್ನೊಂದು ಕಡೆಗೆ ಹೋಗುತ್ತದೆ. ಜಿಡ್ಡಾಗುವ ಹಣೆ ಮತ್ತು ಮೂಗಿಗೆ ಮಾತ್ರ ತುಸು ಪೌಡರ್ ಒತ್ತಿ. ಪೌಡರನ್ನು ಮುಖದೆದುರು ಮೋಡದಂತೆ ಹಾರಿಸುವುದು ಬೇಡ. ಟಾಲ್ಕ್ ಪುಡಿಯ ಬಗ್ಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಎಚ್ಚರಿಕೆ ನೀಡಿ, ಅದನ್ನು "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ವರ್ಗಕ್ಕೆ ಸೇರಿಸಿತು. ಮಕ್ಕಳಿರುವ ಕಡೆಯಂತೂ ಪುಡಿ ಹಾರದಂತೆ ನೋಡಿಕೊಳ್ಳಬೇಕು.

ಕಣ್ಣು, ಹಣೆ, ತುಟಿ

ಕಾಡಿಗೆ ನಮ್ಮ ಮನೆಗಳ ಅತಿ ಹಳೆಯ ಪ್ರಸಾಧನ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ, ಅದಕ್ಕೆ ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸಿ ಅಜ್ಜಿಯರು ಅದನ್ನು ಮಾಡುತ್ತಿದ್ದರು. ಇದಕ್ಕೂ ಸುರ್ಮಾಕ್ಕೂ ವ್ಯತ್ಯಾಸವಿದೆ. ಸಾಂಪ್ರದಾಯಿಕ ಸುರ್ಮಾಗಳಲ್ಲಿ ಅನೇಕವು ಸೀಸದ ಅದಿರನ್ನು ಅರೆದು ಮಾಡಿದವು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಕಣ್ಣಿಗೆ ಹಚ್ಚಿದ ಬೆರಳು ಬಾಯಿಗೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ತಯಾರಕರ ಹೆಸರಿಲ್ಲದ ಡಬ್ಬಿಯನ್ನು ಕಣ್ಣಿನ ಹತ್ತಿರ ತರಬೇಡಿ. ಎಳೆಗೂಸಿನ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ.

ಕಲಿಯುವವರು ರೆಪ್ಪೆಯ ಒಳ ಅಂಚಿಗಿಂತ ಹೊರ ಅಂಚಿನಲ್ಲಿ, ಕೂದಲಿನ ಬುಡಕ್ಕೆ ಹೊಂದಿಕೊಂಡಂತೆ ಚಿಕ್ಕ ಚಿಕ್ಕ ಚುಕ್ಕೆಗಳನ್ನಿಟ್ಟು ಆಮೇಲೆ ಜೋಡಿಸಿದರೆ ಕೈ ನಡುಗುವುದಿಲ್ಲ. ಮೊಣಕೈಯನ್ನು ಮೇಜಿಗೆ ಊರಿಕೊಳ್ಳಿ. ಗೆಳತಿಯೊಡನೆ ಪುಸ್ತಕ ಹಂಚಿಕೊಳ್ಳಿ, ಕಾಡಿಗೆ ಹಂಚಿಕೊಳ್ಳಬೇಡಿ. "ಮದ್ರಾಸ್ ಐ" ಎಂದು ನಾವು ಕರೆಯುವ ಕಣ್ಣುಬೇನೆ ಹರಡಲು ಅಷ್ಟೇ ಸಾಕು. ಮಸ್ಕಾರಾ ಬಳಸುವುದಾದರೆ ತೆರೆದ ಮೂರು ತಿಂಗಳಿಗೆ ಬದಲಾಯಿಸಿ.

ಹಣೆಗೆ ಇಡುವ ಕುಂಕುಮದಲ್ಲೂ ರಸಾಯನಶಾಸ್ತ್ರವಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಅದು ಕೆಂಪಾಗುವುದನ್ನು ನೀವು ನೋಡಿರುತ್ತೀರಿ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುವುದೇ ಅದಕ್ಕೆ ಕಾರಣ. ಅಂಟಿಸುವ ಬಿಂದಿಯ ಕಥೆ ಬೇರೆ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕವೊಂದು ಮೆಲನಿನ್ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಬಿಂದಿ ಇಟ್ಟ ಜಾಗದಲ್ಲಿ ಮೊದಲು ತುರಿಕೆ, ಆಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡರೆ ಅಂದಿನಿಂದಲೇ ಬಿಂದಿ ನಿಲ್ಲಿಸಿ, ಚರ್ಮವೈದ್ಯರನ್ನು ಕಾಣಬೇಕು.

ಲಿಪ್‌ಸ್ಟಿಕ್ ಎಂದರೆ ಮೇಣ, ಎಣ್ಣೆ ಮತ್ತು ಬಣ್ಣ. ಆ ಎಣ್ಣೆಗಳಲ್ಲಿ ನಮ್ಮ ಹರಳೆಣ್ಣೆಯೂ ಒಂದು. ಕೆಲವು ಕೆಂಪುಗಳಿಗೆ ಕಾರ್ಮೈನ್ ಎಂಬ ಬಣ್ಣ ಬಳಸುತ್ತಾರೆ. ಅದು ಒಂದು ಬಗೆಯ ಕೀಟದಿಂದ ಬರುತ್ತದೆ. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಹಸಿರು ಅಥವಾ ಕಂದು ಗುರುತನ್ನು ನೋಡಿಕೊಳ್ಳಬಹುದು. ಮೊದಲ ಬಾರಿ ಕೊಳ್ಳುವವರಿಗೆ ಒಂದೇ ಸೂಚನೆ: ನಿಮ್ಮ ತುಟಿಯ ಸಹಜ ಬಣ್ಣಕ್ಕಿಂತ ಒಂದು ಮೆಟ್ಟಿಲು ಮಾತ್ರ ಗಾಢವಾದದ್ದನ್ನು ಆರಿಸಿ. ಬೆರಳಿನಿಂದ ತಟ್ಟಿ ಹಚ್ಚಿದರೆ ಅಂಚು ತಪ್ಪಿದರೂ ಕಾಣುವುದಿಲ್ಲ.

ಬಿಳುಪಿನ ಆಸೆ, ಅದರ ಬೆಲೆ

ಇಲ್ಲಿ ಒಂದು ಗಂಭೀರವಾದ ವಿಷಯ ಹೇಳಬೇಕು. ಪ್ರಸಾಧನವೆಂದರೆ ಬೆಳ್ಳಗಾಗುವುದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಕ್ರೀಮೊಂದು "ಫೇರ್" ಎಂಬ ಪದವನ್ನು ತನ್ನ ಹೆಸರಿನಿಂದ ಕೈಬಿಟ್ಟದ್ದು 2020ರಲ್ಲಿ. ಹೆಸರು ಹೋಯಿತು, ಆಸೆ ಹೋಗಿದೆಯೇ?

ವಿಜ್ಞಾನ ಹೇಳುವುದು ಇಷ್ಟು. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಯಾವ ಬಗೆಯದನ್ನು ತಯಾರಿಸುತ್ತವೆ ಎಂಬುದರಲ್ಲಿ ವ್ಯತ್ಯಾಸ. ಆ ಕೆಲಸವನ್ನು ಬಲವಂತವಾಗಿ ತಡೆಯುವ ವಸ್ತುಗಳಲ್ಲಿ ಪಾದರಸ ಒಂದು. ಅದು ಚರ್ಮದ ಮೂಲಕ ದೇಹಕ್ಕೆ ಇಳಿದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದೇ ಬಗೆ. ಆ 15ರಲ್ಲಿ 13 ಮಂದಿ ಕಾಯಿಲೆಗೆ ಮೊದಲು ಬಿಳುಪಿನ ಕ್ರೀಮು ಬಳಸಿದವರು.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮುಲಾಮುಗಳದು. ವೈದ್ಯರು ಇಸಬು ಮುಂತಾದ ಕಾಯಿಲೆಗಳಿಗೆ ಕೆಲವೇ ದಿನಗಳ ಮಟ್ಟಿಗೆ ಬರೆದುಕೊಡುವ ಔಷಧವನ್ನು, ಮುಖ ತಿಳಿಯಾಗುತ್ತದೆಂದು ಜನ ತಿಂಗಳುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮತ್ತು ಅನವಶ್ಯಕ ಕೂದಲು ಬರುತ್ತವೆ. ನಿಲ್ಲಿಸಿದರೆ ಉರಿ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಬಿಗಿ ಮಾಡಿದ್ದು ಇದಕ್ಕೇ. ಕೆಲವೇ ದಿನಗಳಲ್ಲಿ ಬೆಳ್ಳಗೆ ಮಾಡುವ ಕ್ರೀಮು ಎಂದು ಯಾರಾದರೂ ಕೊಟ್ಟರೆ, ಅದರ ವೇಗವೇ ಅನುಮಾನಕ್ಕೆ ಕಾರಣವಾಗಬೇಕು.

ಡಬ್ಬಿಯ ಮೇಲಿನ ಅಕ್ಷರ

1940ರ ಔಷಧಿ ಮತ್ತು ಕಾಂತಿವರ್ಧಕಗಳ ಕಾಯ್ದೆ ಹಾಗೂ ಅದರಡಿ 2020ರಲ್ಲಿ ಬಂದ ನಿಯಮಗಳು ಬಳಕೆದಾರರ ಪರವಾಗಿವೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಬಳಸಕೂಡದು. ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಹೊರದೇಶದ್ದಾದರೆ ನೋಂದಣಿ ಸಂಖ್ಯೆ ಬೇಕು. ಇವು ಯಾವುವೂ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ದುಬಾರಿಯೇ.

ಹೊಸದಾಗಿ ಕೊಂಡದ್ದನ್ನು ಮೊದಲ ದಿನವೇ ಮುಖಕ್ಕೆ ಹಚ್ಚಬೇಡಿ. ಮೊಣಕೈಯ ಒಳಭಾಗದಲ್ಲಿ ತುಸು ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಂದುವರಿಯಿರಿ.

ಐದು ವಾರಗಳ ಅಭ್ಯಾಸ

ಎಲ್ಲವನ್ನೂ ಒಂದೇ ದಿನ ಕಲಿಯಲು ಹೊರಟರೆ ನನ್ನ ಗತಿಯೇ ಆದೀತು. ವಾರಕ್ಕೊಂದರಂತೆ ಕಲಿಯಿರಿ. ಮೊದಲ ವಾರ ಮುಖ ತೊಳೆಯುವುದು, ತೇವದ ಕ್ರೀಮು, ಸನ್‌ಸ್ಕ್ರೀನ್. ಎರಡನೆಯ ವಾರ ತುಟಿಯ ಬಣ್ಣ. ಮೂರನೆಯ ವಾರ ಹುಬ್ಬು ಬಾಚಿ, ಖಾಲಿಯಿರುವ ಕಡೆ ಪೆನ್ಸಿಲಿನಿಂದ ತುಂಬುವುದು ಮತ್ತು ಕಾಡಿಗೆ. ನಾಲ್ಕನೆಯ ವಾರ ಕಲೆಗಳ ಮೇಲೆ ಫೌಂಡೇಶನ್. ಐದನೆಯ ವಾರ ಎಲ್ಲವನ್ನೂ ಸೇರಿಸಿ ಹತ್ತು ನಿಮಿಷದಲ್ಲಿ ಮುಗಿಸುವುದು.

ಅಭ್ಯಾಸವನ್ನು ಬೆಳಗಿನ ಧಾವಂತದಲ್ಲಿ ಮಾಡಬೇಡಿ. ಸಂಜೆ, ಬೆಳಕು ಇರುವಾಗಲೇ, ಕಿಟಕಿಯ ಪಕ್ಕ ಕುಳಿತು ಮಾಡಿ. ತಪ್ಪಿದರೆ ತೊಳೆದರಾಯಿತು, ನೋಡುವವರು ಯಾರೂ ಇಲ್ಲ. ಮುಗಿದ ಮೇಲೆ ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಮೊದಲು ಕಣ್ಣಿಗೆ ಬೀಳುವುದು ಮುಖವೋ ಬಣ್ಣವೋ? ಬಣ್ಣವಾದರೆ ಸ್ವಲ್ಪ ಒರೆಸಿ. ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ತೆಗೆಯಲೇಬೇಕು. ಹತ್ತಿಗೆ ತುಸು ಎಣ್ಣೆ ಅಥವಾ ಕ್ಲೆನ್ಸರ್ ಹಾಕಿ ಕಣ್ಣು, ತುಟಿ ಒರೆಸಿ, ಆಮೇಲೆ ಮುಖ ತೊಳೆಯಿರಿ. ಮೊಡವೆಯಿರುವವರು ಮುಖಕ್ಕೆ ಕೊಬ್ಬರಿ ಎಣ್ಣೆ ಬಳಸದಿರುವುದು ಒಳ್ಳೆಯದು. ಸ್ಪಂಜು, ಬ್ರಷ್ಷುಗಳನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಿ.

ಕೊನೆಯದಾಗಿ ಒಂದು ಮಾತು. ಪ್ರಸಾಧನ ಮಾಡಿಕೊಳ್ಳುವವರು ಹಗುರ ಸ್ವಭಾವದವರಲ್ಲ, ಮಾಡಿಕೊಳ್ಳದವರು ಅಶಿಸ್ತಿನವರೂ ಅಲ್ಲ. ಗೆಳತಿ ಅಥವಾ ಗೆಳೆಯ ಮೊದಲ ಬಾರಿ ಏನನ್ನಾದರೂ ಹಚ್ಚಿಕೊಂಡು ಬಂದಾಗ ನಗಬೇಡಿ. ತಪ್ಪಿದ್ದರೆ, ನಮ್ಮ ಕಚೇರಿಯ ಆಯಾ ಮಾಡಿದಂತೆ, ಪಕ್ಕಕ್ಕೆ ಕರೆದು ಹೇಳಿ. ಮೂರು ವರ್ಷಗಳ ನಂತರ ನನ್ನ ದವಡೆಯ ಮೇಲೆ ಮೂರು ಗೆರೆ ಎಳೆದುಕೊಂಡು ಹಗಲ ಬೆಳಕಿನಲ್ಲಿ ನೋಡಿದಾಗ, ಕರಗಿಹೋದದ್ದು ಎಲ್ಲಕ್ಕಿಂತ ಗಾಢವಾದ ಗೆರೆ. ಅದನ್ನು ಹಚ್ಚಿಕೊಂಡು ಕಚೇರಿಗೆ ಹೋದ ದಿನ ಆಯಾ ಏನನ್ನೂ ಹೇಳಲಿಲ್ಲ. ಅವರ ಕಣ್ಣಿಗೆ ಬಣ್ಣ ಬಿದ್ದಿರಲೇ ಇಲ್ಲ. "ಇವತ್ತು ಚೆನ್ನಾಗಿ ನಿದ್ದೆ ಆಯ್ತೇನಮ್ಮಾ?" ಎಂದು ಕೇಳಿ ಚಹಾ ಇಟ್ಟು ಹೋದರು.